ಏಳು ಬೋರ್ ಕೊರೆದರು, ಊರು ಮೇಲೆದ್ದಿತು

ಸ್ಟೌಫೆನ್ ಜರ್ಮನಿಯ ನೈರುತ್ಯ ಮೂಲೆಯ ಒಂದು ಪುಟ್ಟ ಊರು. ಫ್ರೈಬುರ್ಗ್ ನಗರದಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಸಿಗುತ್ತದೆ. ಜನಸಂಖ್ಯೆ ಎಂಟು ಸಾವಿರದ ಆಸುಪಾಸು. 2007ರಲ್ಲಿ ಇಲ್ಲಿನ ಹಳೇ ಪುರಸಭೆ ಕಟ್ಟಡದ ರಿಪೇರಿ ನಡೆದಿತ್ತು. ಅದು ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಗೋಡೆಯಲ್ಲಿ ಬಿರುಕು ಕಾಣಿಸಿತು. ಆಮೇಲೆ ಪಕ್ಕದ ಕಟ್ಟಡದಲ್ಲಿ, ಅದರಾಚೆಯ ಮನೆಯಲ್ಲಿ. ಬಿರುಕು ಬಿಟ್ಟರೆ ನೆಲ ಕುಸಿದಿರಬೇಕು ಅಂತ ತಾನೇ ನಾವು ಅಂದುಕೊಳ್ಳೋದು? ಅಳೆದು ನೋಡಿದರೆ ಆಗಿದ್ದೇ ಉಲ್ಟಾ. ಊರು ಮೇಲೇಳುತ್ತಿತ್ತು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್!

ಇದು ಅರ್ಥವಾಗಬೇಕಾದರೆ ಊರು ಎಲ್ಲಿ ಕೂತಿದೆ ಅಂತ ನೋಡಬೇಕು. ಪೂರ್ವಕ್ಕೆ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳು. ಪಶ್ಚಿಮಕ್ಕೆ ರೈನ್ ನದಿಯ ಬಯಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಬಯಲಿನ ನೆಲ ಕುಸಿದು ಕೆಳಗಿಳಿಯಿತು, ಬೆಟ್ಟಗಳು ಮೇಲೆ ಉಳಿದವು. ಈ ಎರಡೂ ಸೇರುವ ಅಂಚಿನಲ್ಲೇ ಸ್ಟೌಫೆನ್ ಇರೋದು. ಹಾಗಾಗಿ ಇಲ್ಲಿ ಬಂಡೆಯ ಪದರಗಳು ಚಪಾತಿ ಪೇರಿಸಿದ ಹಾಗೆ ನೀಟಾಗಿಲ್ಲ. ಮುರಿದು, ವಾಲಿ, ಒಂದರ ಪಕ್ಕ ಇನ್ನೊಂದು ಸಿಕ್ಕಿಕೊಂಡಿವೆ.

ಊರಿಗೆ ಅನ್ನ ಕೊಟ್ಟದ್ದೂ ಇದೇ ನೆಲ. ಹಿಂದಿನ ಕಣಿವೆಯಲ್ಲಿ ಬೆಳ್ಳಿ ಗಣಿಗಳಿದ್ದವು. ಕೋಟೆ ಗುಡ್ಡದ ಇಳಿಜಾರಿನಲ್ಲಿ ಈಗಲೂ ದ್ರಾಕ್ಷಿ ಬೆಳೆಯುತ್ತಾರೆ. ಗುಡ್ಡ ಬಟ್ಟಲು ಬೋರಲು ಹಾಕಿದ ಹಾಗೆ ಕಾಣುತ್ತದೆ, ಊರಿನ ಹೆಸರಿಗೂ ಹಳೇ ಜರ್ಮನ್‌ನ ಬಟ್ಟಲು ಅನ್ನೋ ಪದವೇ ಮೂಲ ಅನ್ನುತ್ತಾರೆ.   

ಇನ್ನೊಂದು ಕತೆ ಇದೆ, ಅದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಸೈತಾನನ ಜೊತೆ ಕರಾರು ಮಾಡಿಕೊಂಡ ಡಾಕ್ಟರ್ ಫೌಸ್ಟ್ ಸತ್ತದ್ದು ಇಲ್ಲೇ ಅಂತ ಐತಿಹ್ಯ. 1539ರಲ್ಲಿ ಸಿಂಹದ ಹೆಸರಿನ ಛತ್ರವೊಂದರಲ್ಲಿ ಸೈತಾನ ಬಂದು ಅವನ ಕುತ್ತಿಗೆ ಮುರಿದನಂತೆ. ಛತ್ರದ ಗೋಡೆ ಮೇಲೆ ಹಾಗಂತ ಬರೆದೂ ಇದ್ದಾರೆ. ಪುರಸಭೆ ಕಟ್ಟಡ ಅಲ್ಲೇ ಮಗ್ಗುಲಲ್ಲಿದೆ.

ಸರಿ, ಆ ಕಟ್ಟಡಕ್ಕೆ ಬರೋಣ. ರಿಪೇರಿ ಜೊತೆಗೇ ಅದನ್ನು ಬೆಚ್ಚಗಿಡಲು ಭೂಮಿಯ ಶಾಖ ಬಳಸೋಣ ಅಂತ ತೀರ್ಮಾನವಾಗಿತ್ತು. ಒಳ್ಳೇ ಯೋಚನೆಯೇ. ಹೊಗೆಯಿಲ್ಲ, ಇಂಧನದ ಖರ್ಚೂ ಕಮ್ಮಿ. ನಾವು ಬೋರ್ ಕೊರೆಸೋದು ನೀರಿಗೆ, ಅವರು ಕೊರೆದದ್ದು ಶಾಖಕ್ಕೆ. 2007ರ ಸೆಪ್ಟೆಂಬರ್‌ನಲ್ಲಿ ಕಟ್ಟಡದ ಹತ್ತಿರ 140 ಮೀಟರ್ ಆಳದ ಏಳು ಬೋರ್ ಹಾಕಿದರು.

ನೀರು ಬೇಡವಾಗಿದ್ದ ಆ ಬೋರ್‌ಗಳಲ್ಲೇ ನೀರು ಮೇಲೆ ಬಂತು. ಕೆಳಗಿನ ಪದರದಲ್ಲಿ ಒತ್ತಡದಲ್ಲಿದ್ದ ಅಂತರ್ಜಲಕ್ಕೆ ದಾರಿ ಸಿಕ್ಕಿತು. ಶಾಖ ತರಲು ಬೋರ್‌ನೊಳಗೆ ಇಳಿಸಿದ್ದ ಕೊಳವೆಯ ಸುತ್ತಲಿನ ಸಂದಿಯನ್ನು ಸಿಮೆಂಟ್ ಪೂರ್ತಿ ಮುಚ್ಚಿರಲಿಲ್ಲ. ಮೇಲಿನ ಪದರದಲ್ಲಿ ಅನ್‌ಹೈಡ್ರೈಟ್ ಅನ್ನೋ ಒಣ ಖನಿಜ ಇತ್ತು. ಅದಕ್ಕೆ ನೀರು ಸೇರಿದರೆ ಜಿಪ್ಸಮ್ ಆಗುತ್ತದೆ, ಗಾತ್ರ ಶೇಕಡಾ 60ರಷ್ಟು ಹಿಗ್ಗುತ್ತದೆ. ರಾತ್ರಿ ನೆನೆಹಾಕಿದ ಕಡಲೆ ಬೆಳಗ್ಗೆ ಪಾತ್ರೆಯ ಮುಚ್ಚಳ ಎತ್ತಿರುತ್ತದಲ್ಲ, ಹಾಗೆ. ಇಲ್ಲಿ ಮುಚ್ಚಳ ಅಂದರೆ ಊರು.

ಇಡೀ ಊರು ಒಂದೇ ಸಮ ಎದ್ದಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ. ಆದರೆ ಬೋರ್‌ಗಳ ಹತ್ತಿರ ಜಾಸ್ತಿ, ದೂರ ಹೋದಂತೆ ಕಮ್ಮಿ. ಒಂದೇ ಮನೆಯ ಒಂದು ಮೂಲೆ ಏರುತ್ತದೆ, ಇನ್ನೊಂದು ಅಲ್ಲೇ ಇರುತ್ತದೆ, ನಡುವಿನ ಗೋಡೆ ಸೀಳುತ್ತದೆ. 250ಕ್ಕೂ ಹೆಚ್ಚು ಕಟ್ಟಡಗಳಿಗೆ ಪೆಟ್ಟು ಬಿತ್ತು. ಕೆಲವು ಕಡೆ ನೆಲ ಅರ್ಧ ಮೀಟರ್‌ಗೂ ಮೇಲೆ ಎದ್ದಿದೆ. ‘ಸ್ಟೌಫೆನ್ ಒಡೆದು ಹೋಗಬಾರದು’ ಅನ್ನೋ ಬರಹ ಮನೆಗಳ ಮೇಲೆ ಕಾಣಿಸಿಕೊಂಡಿತು.

ಪರಿಹಾರವೂ ಬೋರ್‌ನಿಂದಲೇ ಬಂತು. ಹಳೇ ಬೋರ್‌ಗಳಿಗೆ ಮತ್ತೆ ಸಿಮೆಂಟ್ ತುಂಬಿದರು. ಹೊಸದಾಗಿ ಬಾವಿ ಕೊರೆದು, 2009ರಿಂದ ಅಂತರ್ಜಲವನ್ನು ಪಂಪು ಮಾಡಿ ಅದರ ಮಟ್ಟ ಇಳಿಸತೊಡಗಿದರು. ಏರಿಕೆಯ ವೇಗ ತಿಂಗಳಿಗೆ ಕೆಲವೇ ಮಿಲಿಮೀಟರ್‌ಗೆ ತಗ್ಗಿತು. ಅದೇ ರಾಜ್ಯದ ಬೋಬ್ಲಿಂಗೆನ್ ಅನ್ನೋ ಊರಿನಲ್ಲೂ ಇಂಥದ್ದೇ ಆಯಿತು. ಜಿಪ್ಸಮ್ ಇದ್ದಲ್ಲಿ ಕೆಳಗೆ ಒಣ ಅನ್‌ಹೈಡ್ರೈಟ್ ಇರಬಹುದಲ್ಲ, ಅದಕ್ಕೇ ಜಿಪ್ಸಮ್ ಪದರ ಸಿಕ್ಕ ಕೂಡಲೇ ಕೊರೆಯೋದು ನಿಲ್ಲಿಸಬೇಕು ಅಂತ ಆ ರಾಜ್ಯದಲ್ಲಿ ಈಗ ನಿಯಮವಿದೆ.

ಹಿಗ್ಗಿದ ಬಂಡೆಯನ್ನು ಮತ್ತೆ ಕುಗ್ಗಿಸೋಕೆ ಆಗಲ್ಲ. ಇನ್ನೂ ಒಣಗಿರುವ ಬಂಡೆಯನ್ನು ಒಣದಾಗಿಯೇ ಇಡಬಹುದು, ಅಷ್ಟೇ. ಅದಕ್ಕೇ ಆ ಪಂಪುಗಳು. ನಿಲ್ಲಿಸಿದರೆ ನೀರು ಮತ್ತೆ ಅದೇ ಪದರಕ್ಕೆ ಏರುತ್ತದೆ.