ಆರದ ಕೆಂಪು ದೀಪ

ಆಫೀಸಿನ ಫೋನಿನ ಮೇಲೆ ಪುಟ್ಟ ಕೆಂಪು ದೀಪ ಇರುತ್ತದೆ. ಅದು ಉರಿದರೆ ಯಾರೋ ವಾಯ್ಸ್‌ಮೇಲ್ ಬಿಟ್ಟಿದ್ದಾರೆ ಅಂತ ಅರ್ಥ. ಕೇಳಿದ ಮೇಲೆ ಆರಬೇಕು. ಆದರೆ ಸಂಸ್ಥೆಯ ಸರ್ವರ್‌ಗಳನ್ನು ಹೊಸ ಡೊಮೇನ್‌ಗೆ ಸಾಗಿಸಿದ ಮರುದಿನ ಕೆಲವು ಫೋನುಗಳಲ್ಲಿ ಅದು ಆರುವುದೇ ಇಲ್ಲ. ಸಂದೇಶ ಕೇಳಿದ್ದಾಯಿತು, ಅಳಿಸಿದ್ದೂ ಆಯಿತು. ದೀಪ ಮಾತ್ರ ಸುಮ್ನೆ ಉರಿಯುತ್ತಿರುತ್ತದೆ.

ಇಲ್ಲಿ ಡೊಮೇನ್ ಅಂದರೆ ವೆಬ್‌ಸೈಟಿನ ಹೆಸರಲ್ಲ. ಯಾರು ನಮ್ಮವರು, ಯಾರಿಗೆ ಯಾವ ಬೀಗ ತೆಗೆಯಬೇಕು ಅಂತ ಬರೆದಿಟ್ಟ ದೊಡ್ಡ ದಾಖಲೆ ಪುಸ್ತಕ. ವಿಂಡೋಸ್ 2000 ಜೊತೆ ಬಂದ ಆಕ್ಟಿವ್ ಡೈರೆಕ್ಟರಿ ಇಂಥದ್ದು. ಎರಡು ಸಂಸ್ಥೆಗಳು ಒಂದಾದರೆ ಪುಸ್ತಕಗಳೂ ಒಂದಾಗಬೇಕಾಗುತ್ತದೆ.

ಪುಸ್ತಕದಲ್ಲಿ ನಿಮ್ಮ ಹೆಸರೇನೋ ಇರುತ್ತದೆ. ಆದರೆ ಬೀಗ ತೆಗೆಯುವಾಗ ಸರ್ವರ್ ನೋಡುವುದು ಎಸ್‌ಐಡಿ ಎಂಬ ಉದ್ದನೆಯ ಗುರುತನ್ನು. ‘ಎಸ್-1-5-21’ ಅಂತ ಶುರುವಾಗುವ ಈ ಸಂಖ್ಯೆಯೊಳಗೆ ಡೊಮೇನಿನ ಗುರುತೂ ಸೇರಿರುತ್ತದೆ. ಹಾಗಾಗಿ ಡೊಮೇನ್ ಬದಲಾದರೆ ಅದೂ ಬದಲಾಗಲೇಬೇಕು. ಅದೇ ಹೆಸರು, ಅದೇ ಕುರ್ಚಿ, ಆದರೆ ಸರ್ವರ್ ಪಾಲಿಗೆ ನೀವು ಅಪರಿಚಿತರು. ನಿಮ್ಮ ಇಮೇಲ್ ಪೆಟ್ಟಿಗೆಯೇ ನಿಮ್ಮನ್ನು ಒಳಗೆ ಬಿಡುವುದಿಲ್ಲ! ಇದಕ್ಕೊಂದು ಉಪಾಯವಿದೆ. ಹೊಸ ಖಾತೆಯ ಜೊತೆ ಹಳೆಯ ಎಸ್‌ಐಡಿಯನ್ನೂ ಚರಿತ್ರೆಯಾಗಿ ಅಂಟಿಸಿಡುತ್ತಾರೆ. ಹಳೆಯ ಬೀಗಗಳು ಅದನ್ನು ನೋಡಿ ತೆರೆದುಕೊಳ್ಳುತ್ತವೆ.

ಇಮೇಲಿನಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಹೊರಗಿನವರ ಪತ್ರಗಳೆಲ್ಲ ಸರಿಯಾಗಿ ಬರುತ್ತವೆ. ಪಕ್ಕದ ಮೇಜಿನ ಸಹೋದ್ಯೋಗಿ ನಿಮ್ಮ ಹಳೆಯ ಪತ್ರಕ್ಕೆ ಉತ್ತರಿಸಿದರೆ ಮಾತ್ರ ಅದು ತಲುಪದೆ ವಾಪಸು ಹೋಗುತ್ತದೆ. ವಿಚಿತ್ರ ಅಲ್ವಾ? ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ ತನ್ನೊಳಗಿನ ಪತ್ರಗಳಿಗೆ ನಮಗೆ ಗೊತ್ತಿರುವ ‘ಅಟ್’ ಚಿಹ್ನೆಯ ವಿಳಾಸ ಬಳಸುವುದಿಲ್ಲ. ಹಳೆಯ ಕಾಲದ ಒಂದು ಒಳವಿಳಾಸ ಬಳಸುತ್ತದೆ. ಹಳೆಯ ಪತ್ರಗಳಲ್ಲೂ, ಹೆಸರಿನ ಎರಡಕ್ಷರ ಒತ್ತುತ್ತಲೇ ಔಟ್‌ಲುಕ್ ಎಂಬ ಇಮೇಲ್ ತಂತ್ರಾಂಶ ತಾನಾಗಿ ತುಂಬಿಕೊಡುವ ಪಟ್ಟಿಯಲ್ಲೂ ಅದೇ ಕೂತಿರುತ್ತದೆ. ಬೇರೆ ವ್ಯವಸ್ಥೆಗೆ ಹೋದಾಗ ಪೆಟ್ಟಿಗೆಗೆ ಹೊಸ ಒಳವಿಳಾಸ ಬರುತ್ತದೆ, ಹಳೆಯದು ಯಾರಿಗೂ ಸೇರದ್ದಾಗುತ್ತದೆ. ಹಳೆಯದನ್ನು ‘ಎಕ್ಸ್500’ ಎಂಬ ಬಗೆಯ ಇನ್ನೊಂದು ವಿಳಾಸವಾಗಿ ಹೊಸ ಪೆಟ್ಟಿಗೆಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ. ಇದನ್ನು ಮರೆಯುವವರೇ ಜಾಸ್ತಿ.

ಹೊರಗಿನ ಪತ್ರಗಳ ದಾರಿ ಬದಲಿಸುವುದು ಅಷ್ಟು ಕಷ್ಟವಲ್ಲ. ಪತ್ರ ಯಾವ ಸರ್ವರ್‌ಗೆ ಹೋಗಬೇಕೆಂದು ಡಿಎನ್‌ಎಸ್ ಎಂಬ ಅಂತರ್ಜಾಲದ ವಿಳಾಸ ಪುಸ್ತಕದಲ್ಲಿರುವ ಎಂಎಕ್ಸ್ ದಾಖಲೆ ಹೇಳುತ್ತದೆ. ಲೋಕದ ಉಳಿದ ಸರ್ವರ್‌ಗಳು ಅದನ್ನು ಓದಿ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ಆ ಹೊತ್ತು 86,400 ಸೆಕೆಂಡ್, ಅಂದರೆ ಒಂದು ದಿನ ಅಂತಿದ್ದರೆ, ಕೆಲವು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿಡುತ್ತಾರೆ. ನಡುವೆ ಸರ್ವರ್ ಸಿಗದಿದ್ದರೂ ಚಿಂತೆಯಿಲ್ಲ. ಕಳುಹಿಸುವ ಸರ್ವರ್ ನಾಲ್ಕೈದು ದಿನವಾದರೂ ಮತ್ತೆ ಮತ್ತೆ ಪ್ರಯತ್ನಿಸಬೇಕು ಅಂತ ಇಮೇಲ್ ನಿಯಮವೇ ಹೇಳುತ್ತದೆ.

ಪತ್ರ ಕಾಯುತ್ತದೆ. ಫೋನ್ ಮಾಡಿದವರು ಕಾಯುತ್ತಾರೆಯೇ? ವಾಯ್ಸ್‌ಮೇಲ್ ಸರ್ವರ್ ಆಗಿಂದಾಗಲೇ ಉತ್ತರಿಸಬೇಕು. ದತ್ತಾಂಶದ ಭಾರವೇನೂ ದೊಡ್ಡದಲ್ಲ. ಸಾಮಾನ್ಯ ಟೆಲಿಫೋನ್ ದನಿಗೆ ಸೆಕೆಂಡಿಗೆ 8,000 ಬೈಟ್ ಸಾಕು, ಒಂದು ನಿಮಿಷದ ಮಾತು 4,80,000 ಬೈಟ್. ತೊಡಕು ಬೇರೆ ಕಡೆ ಇದೆ. ಅನೇಕ ಕಚೇರಿಗಳಲ್ಲಿ ಈ ದನಿ ವಾಯ್ಸ್‌ಮೇಲ್ ಸರ್ವರ್‌ನಲ್ಲಿ ಉಳಿಯುವುದಿಲ್ಲ. ಇಮೇಲ್ ಪೆಟ್ಟಿಗೆಗೆ ಲಗತ್ತಾಗಿ ಹೋಗಿ ಸೇರುತ್ತದೆ. ವಾಯ್ಸ್‌ಮೇಲ್ ಸರ್ವರ್ ತನ್ನದೇ ಒಂದು ಖಾತೆಯಿಂದ ಲಾಗಿನ್ ಆಗಿ ಎಲ್ಲರ ಪೆಟ್ಟಿಗೆಯ ಮೇಲೂ ಕಣ್ಣಿಟ್ಟಿರುತ್ತದೆ. ನೀವು ಸಂದೇಶ ಕೇಳಿದಿರಿ ಅಂತ ಪೆಟ್ಟಿಗೆಯಿಂದ ಸುದ್ದಿ ಬಂದರೆ ದೀಪ ಆರಿಸಲು ಫೋನ್ ವ್ಯವಸ್ಥೆಗೆ ಹೇಳುತ್ತದೆ.

ಪೆಟ್ಟಿಗೆ ಹೊಸ ಸರ್ವರ್‌ಗೆ ಹೋಗಿದೆ. ವಾಯ್ಸ್‌ಮೇಲ್ ಇನ್ನೂ ಹಳೆಯ ಜಾಗವನ್ನೇ ನೋಡುತ್ತಿದೆ, ಇಲ್ಲವೇ ಅದರ ಖಾತೆಗೆ ಹೊಸ ಡೊಮೇನಿನಲ್ಲಿ ಹಕ್ಕು ಕೊಟ್ಟಿಲ್ಲ. ನೀವು ಸಂದೇಶ ಕೇಳಿದ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ. ಹಾಗಾಗಿ ಮೊದಲು ಹಕ್ಕು ಕೊಡಬೇಕು, ಆಮೇಲೆ ಪ್ರತಿಯೊಬ್ಬರ ಹೊಸ ಪೆಟ್ಟಿಗೆ ತೋರಿಸಿಕೊಡಬೇಕು. ಕೊನೆಗೆ ಎಲ್ಲ ಫೋನುಗಳಿಗೂ ದೀಪದ ಆದೇಶವನ್ನು ಹೊಸದಾಗಿ ಕಳುಹಿಸಬೇಕು. ಒಂದೊಂದು ಫೋನಿಗೂ ಬೇರೆ ಬೇರೆ ಆದೇಶ ಹೋಗಬೇಕಾದ್ದರಿಂದ ಈ ಕೆಲಸವನ್ನು ರಾತ್ರಿ, ಯಾರೂ ಇಲ್ಲದಾಗ ಮಾಡುವುದೇ ಒಳ್ಳೆಯದು.