‘ತಿ’ಗೆ ಬೀಳುವ ಹೆಜ್ಜೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಟ್ಯಾಂಗೋ ನೃತ್ಯದ ಕ್ಲಾಸಿಗೆ ಭಜನಾ ಮೇಳದಲ್ಲಿ ತಬಲಾ ನುಡಿಸುವವರೊಬ್ಬರು ಬರುತ್ತಾರೆ. ಸಿಂಕೋಪ, ಅಂದರೆ ಬೀಟು ಬಿಟ್ಟು ಬೀಳುವ ಹೆಜ್ಜೆ, ಹೇಗೆಂದು ತೋರಿಸಲು ಬೋರ್ಡಿನ ಮೇಲೆ 1ರಿಂದ 8 ಬರೆದು, ಹೆಜ್ಜೆ ಇಡಬೇಕಾದ 1, 4, 7ಕ್ಕೆ ಸುತ್ತು ಹಾಕಿದೆ. ಅವರು ತೊಡೆಯ ಮೇಲೆ ಬೆರಳಾಡಿಸಿ, “ಸರ, ಇದು ನಮ್ಮ ಕೆಹರ್ವಾ ಐತಲ್ರಿ!” ಅಂದರು.

ಹೌದಲ್ಲ! ಕೆಹರ್ವಾ ಎಂಟು ಮಾತ್ರೆಯ ತಾಳ, ಅದರ ತಬಲಾ ಬೋಲು ಧಾ ಗೆ ನ ತಿ, ನ ಕ ಧಿ ನ. ಒಂದಕ್ಕೆ ಧಾ, ನಾಲ್ಕಕ್ಕೆ ತಿ, ಏಳಕ್ಕೆ ಧಿ. ಅರ್ಜೆಂಟೀನಾದ ಸಂಗೀತಗಾರ ಆಸ್ತೋರ್ ಪಿಯಾಜೊಲಾ ತನ್ನ ಟ್ಯಾಂಗೋಗಳಲ್ಲಿ ಮತ್ತೆ ಮತ್ತೆ ಬಳಸಿದ ಮೂರು-ಮೂರು-ಎರಡರ ಲೆಕ್ಕವೂ ಇದೇ. ಬೆಳಗಾವಿಗೂ ಬ್ಯೂನಸ್ ಐರಿಸ್‌ಗೂ ಸಂಬಂಧ ಕಟ್ಟಲು ನಾನು ಹೊರಟಿಲ್ಲ, ಎಣಿಕೆ ಕೂಡಿಬಂದಿದೆ ಅಷ್ಟೇ.

ಎಂಟು ಮಾತ್ರೆಗಳಲ್ಲಿ ಬೀಟು ಬೀಳುವುದು 1, 3, 5, 7ಕ್ಕೆ. ಅಂದಮೇಲೆ ಮೂರು ಹೆಜ್ಜೆಗಳಲ್ಲಿ ಬೀಟು ಬಿಟ್ಟು ಬೀಳುವುದು ನಡುವಿನದೊಂದೇ, ತಿ. ಅದು ಐದಕ್ಕಿಂತ ಒಂದು ಮಾತ್ರೆ ಮೊದಲೇ ಬಂದು, ಐದು ದಾಟುವವರೆಗೆ ಅಲ್ಲಾಡದೆ ನಿಲ್ಲಬೇಕು. ಕೆಹರ್ವಾದಲ್ಲಿ ಖಾಲಿ, ಅಂದರೆ ತಾಳದ ಪೆಟ್ಟಿಲ್ಲದ ಜಾಗ, ಬರುವುದೂ ಆ ಐದಕ್ಕೇ. ಕಲಿಯುವವರು ಸೋಲುವುದು ಈ ನಿಲುಗಡೆಯಲ್ಲಿ. ಸಿಂಕೋಪ ಅಂದರೆ ಚುರುಕು ಅಂದುಕೊಂಡು, ಬಸ್ಸು ಹೊರಟುಬಿಟ್ಟಿತೇನೋ ಅನ್ನುವ ಹಾಗೆ ಪಟಪಟ ಕಾಲು ಹಾಕುತ್ತಾರೆ. ಅದು ಬರೀ ದುಗುನ್, ಎರಡು ಪಟ್ಟು ವೇಗ.

ನಾನು ಮೊದಲು ಕುರ್ಚಿಯಲ್ಲೇ ಕೂರಿಸುತ್ತೇನೆ. ಕಾಲಲ್ಲಿ ನಾಲ್ಕು ಬೀಟು, ಬಾಯಲ್ಲಿ ಧಾ, ತಿ, ಧಿ. ಆಮೇಲೆ ನಿಂತಲ್ಲೇ ಮೈಭಾರ ಬದಲಿಸುವುದು. ನಡಿಗೆ ಮುಂದಿನ ವಾರ. ತಿಗೆ ಭಾರ ಪೂರ್ತಿ ಒಂದೇ ಕಾಲಿನ ಮೇಲೆ ಬರಬೇಕು, ಎದೆಯೂ ಜೊತೆಗೇ ಬರಬೇಕು. ಟ್ಯಾಂಗೋದಲ್ಲಿ ಜೊತೆಗಾರ್ತಿಗೆ ಸೂಚನೆ ಹೋಗುವುದು ಎದೆಯಿಂದ. ಕಾಲು ನಾಲ್ಕಕ್ಕೆ ಮುಟ್ಟಿ ಎದೆ ಐದಕ್ಕೆ ತಲುಪಿದರೆ, ಅವರು ಐದಕ್ಕೇ ಹೆಜ್ಜೆ ಇಡುತ್ತಾರೆ. ಮೊಣಕಾಲಿಗೆ ಮೊಣಕಾಲು ಬಡಿಯುತ್ತದೆ.

ಅಭ್ಯಾಸಕ್ಕೆ ಹುವಾನ್ ದಾರಿಯೆನ್ಸೋ ಅವರ ಟ್ಯಾಂಗೋ ತಂಡದ ರೆಕಾರ್ಡಿಂಗ್ ಹಾಕಿಕೊಳ್ಳಿ. ಅದರಲ್ಲೂ ರೊಡೊಲ್ಫೋ ಬಿಯಾಜಿ ಪಿಯಾನೋ ನುಡಿಸಿದ 1935ರಿಂದ 1938ರವರೆಗಿನವು. ಬೀಟು ಗಡಿಯಾರದಷ್ಟು ಸ್ಪಷ್ಟ, ಸಾಲಿನ ಕೊನೆಯಲ್ಲಿ ಸಿಕ್ಕ ಸಂದಿಯಲ್ಲಿ ಬಿಯಾಜಿ ಪಿಯಾನೋದ ಚೂರುಗಳನ್ನು ತುಂಬುತ್ತಾನೆ. ಓಸ್ವಾಲ್ದೋ ಪುಗ್ಲಿಯೇಸೆ ತಂಡದ ಟ್ಯಾಂಗೋ ಈಗಲೇ ಬೇಡ, ಅದರ ಲಯದ ಎಳೆದಾಟದಲ್ಲಿ ಹೊಸಬರು ಎಣಿಕೆ ಕಳೆದುಕೊಳ್ಳುತ್ತಾರೆ. ಮೂರು ನಿಮಿಷದ ಹಾಡಿಗೆ ಎರಡು ಸಲ ಸಿಂಕೋಪ ಬಂದರೆ ಸಾಕು, ಹತ್ತು ಸಲ ಮಾಡುವವರ ಕುಣಿತ ನನಗೆ ಸೇರುವುದಿಲ್ಲ.

ಕಳೆದ ವಾರ ಆ ತಬಲಾದವರು ಹೆಂಡತಿಯ ಜೊತೆ ಕುಣಿಯುತ್ತಿದ್ದರು. ತಿಗೆ ಹೆಜ್ಜೆ ಇಟ್ಟು ನಿಂತರು. ಯಾಕೆ ನಿಂತರು ಎಂದು ಆಕೆ ಕಣ್ಣೆತ್ತುವಷ್ಟರಲ್ಲಿ ಧಿ ಬಂತು.