ಕರಡಿಗೆ ಒಗ್ಗುವ ಕೊಬ್ಬು ಹಸುವಿಗೇಕೆ ಒಗ್ಗುವುದಿಲ್ಲ?

ಶಿರಸಿ, ಸಿದ್ದಾಪುರದ ಕಡೆಯ ಕೊಟ್ಟಿಗೆಗಳಲ್ಲಿ ಕರು ಹಾಕಿ ಎರಡು-ಮೂರು ವಾರವಾದ ಮಿಶ್ರತಳಿಯ ಹಸುವೊಂದು ಹಿಂಡಿಗೆ ಮುಖ ತಿರುಗಿಸಿ, ಕರಡವನ್ನಷ್ಟೇ ಮೆಲ್ಲುತ್ತ, ದಿನದಿಂದ ದಿನಕ್ಕೆ ಹಾಲು ಇಳಿಸತೊಡಗಿದರೆ ನಾವು ಪಶುವೈದ್ಯರು ಮೊದಲು ಶಂಕಿಸುವುದು ಕೀಟೋಸಿಸ್ ಅನ್ನು, ಎಂದರೆ ಮೈಕೊಬ್ಬು ಮಿತಿಮೀರಿ ಕರಗುವುದರಿಂದ ಬರುವ ರೋಗವನ್ನು. ಮೂತಿಯ ಹತ್ತಿರ ಬಗ್ಗಿದರೆ ಉಸಿರಿನಲ್ಲಿ ಉಗುರುಬಣ್ಣ ಅಳಿಸುವ ದ್ರಾವಣದ ವಾಸನೆ ಬರುತ್ತದೆ. ಅದು ಅಸಿಟೋನ್, ಕರಗುತ್ತಿರುವ ಮೈಕೊಬ್ಬಿನ ಸುಳಿವು. ಗಬ್ಬದಲ್ಲಿ ಚೆನ್ನಾಗಿ ಮೈ ತುಂಬಿಸಿದ್ದೆವಲ್ಲ ಎಂದು ಮನೆಯವರು ಹೇಳುವುದುಂಟು. ತೊಂದರೆಯ ಬೇರು ಇರುವುದು ಬಹುಮಟ್ಟಿಗೆ ಅಲ್ಲಿಯೇ. ಹಾಗಿದ್ದರೆ ತಿಂಗಳುಗಟ್ಟಲೆ ಏನೂ ತಿನ್ನದೆ ಮೈಕೊಬ್ಬಿನಿಂದಲೇ ಬದುಕುವ ಶಿಶಿರನಿದ್ರೆಯ ಪ್ರಾಣಿಗಳಿಗೆ ಈ ರೋಗ ಏಕೆ ಬರುವುದಿಲ್ಲ?

ಜೋಯಿಡಾ, ದಾಂಡೇಲಿಯ ಕಾಡಿನ ನಮ್ಮ ಕರಡಿ ಈ ಗುಂಪಿಗೆ ಸೇರಿದ್ದಲ್ಲ. ಗೆದ್ದಲು, ಹಣ್ಣು, ಜೇನು ವರ್ಷವಿಡೀ ಒಂದಲ್ಲ ಒಂದು ಸಿಗುವುದರಿಂದ ಅದಕ್ಕೆ ಮಲಗುವ ಅಗತ್ಯವೇ ಇಲ್ಲ. ಇಲ್ಲಿ ಹೇಳುತ್ತಿರುವುದು ಲಡಾಖಿನ ಮಾರ್ಮೊಟ್, ಅಲಾಸ್ಕಾದ ನೆಲ ಅಳಿಲು, ಅಮೆರಿಕದ ಕಪ್ಪು ಕರಡಿಯಂಥವುಗಳ ವಿಚಾರ.

ಕೂಡಿಡಲು ಕೊಬ್ಬೇ ಏಕೆ ಎಂಬುದಕ್ಕೆ ಲೆಕ್ಕ ಸರಳವಾಗಿದೆ. ಒಂದು ಗ್ರಾಂ ಕೊಬ್ಬು ಸುಮಾರು 9 ಕಿಲೋಕ್ಯಾಲರಿ ಕೊಟ್ಟರೆ, ಗ್ಲೈಕೋಜನ್, ಎಂದರೆ ಮೈಯಲ್ಲಿ ಕೂಡಿಟ್ಟ ಗ್ಲೂಕೋಸಿನ ದಾಸ್ತಾನು, ಕೊಡುವುದು ಸುಮಾರು 4. ಜೊತೆಗೆ ಗ್ಲೈಕೋಜನ್ ತನ್ನ ತೂಕದ ಮೂರು ಪಟ್ಟು ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬು ಉರಿದಾಗ ಗ್ರಾಮಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚೇ ನೀರು ಹುಟ್ಟುವುದರಿಂದ ಮಲಗಿದ ಪ್ರಾಣಿಯ ಬಾಯಾರಿಕೆಯೂ ಅದರಿಂದಲೇ ತಣಿಯುತ್ತದೆ.

ಆದರೆ ಕೂಡಿಡುವುದಕ್ಕಿಂತ ಖರ್ಚು ಮಾಡುವ ರೀತಿಯಲ್ಲಿಯೇ ಹೆಚ್ಚಿನ ಜಾಣ್ಮೆಯಿದೆ. ಅಲಾಸ್ಕಾದ ನೆಲ ಅಳಿಲಿನ ಮೈಶಾಖ ಸೊನ್ನೆಗಿಂತಲೂ ಕೆಳಗೆ, ಮೈನಸ್ 2.9 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವುದು 1989ರಲ್ಲಿ ವರದಿಯಾಯಿತು. ಇಂಥ ಅಳಿಲುಗಳು ಎರಡು-ಮೂರು ವಾರಕ್ಕೊಮ್ಮೆ ಮೈ ಬಿಸಿ ಮಾಡಿಕೊಂಡು ಅರೆದಿನ ಎಚ್ಚರವಾಗುತ್ತವೆ. ಇಡೀ ಚಳಿಗಾಲದ ಶಕ್ತಿಯ ಬಹುಪಾಲು ಸೋರಿಹೋಗುವುದು ಈ ಎಚ್ಚರಗಳಲ್ಲಿಯೇ. ಆಗ ಮೊದಲು ಉರಿಯುವುದು ಹೆಗಲ ನಡುವಿನ ಕಂದುಕೊಬ್ಬು. ಅದು ಶಕ್ತಿಯನ್ನು ಬೇರೆ ಕೆಲಸಕ್ಕೆ ಕೊಡದೆ ನೇರವಾಗಿ ಶಾಖವಾಗಿಸುತ್ತದೆ. ಕಪ್ಪು ಕರಡಿಯ ದಾರಿ ಬೇರೆ: ಅದರ ಮೈಶಾಖ 30 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ, ಆದರೂ ಚಯಾಪಚಯ (ಮೈ ಶಕ್ತಿ ಬಳಸುವ ವೇಗ) ಎಂದಿನ ವಿಶ್ರಾಂತಿ ಮಟ್ಟದ ಕಾಲುಭಾಗಕ್ಕೆ ಕುಗ್ಗುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹಸುವಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ದಿನಕ್ಕೆ 15 ಲೀಟರ್ ಹಾಲಿನಲ್ಲಿ ಸುಮಾರು 700 ಗ್ರಾಂ ಲ್ಯಾಕ್ಟೋಸ್, ಎಂದರೆ ಹಾಲಿನ ಸಕ್ಕರೆ, ಹೊರಹೋಗುತ್ತದೆ. ಅದನ್ನು ಕಟ್ಟಲು ಗ್ಲೂಕೋಸ್ ಬೇಕು, ಕೊಬ್ಬಿನಿಂದಾದರೋ ಅದರ ಗ್ಲಿಸರಾಲ್ ಅಂಶದಷ್ಟನ್ನು ಬಿಟ್ಟರೆ ಗ್ಲೂಕೋಸ್ ಹುಟ್ಟುವುದಿಲ್ಲ. ತಿನ್ನುವುದು ಸಾಲದೆ ಕೊಬ್ಬು ಒಮ್ಮೆಲೇ ರಕ್ತಕ್ಕೆ ನುಗ್ಗಿದಾಗ ಯಕೃತ್ತು ಅದನ್ನು ಪೂರ್ತಿ ಉರಿಸಲಾರದೆ ಒಂದು ಪಾಲನ್ನು ಕೀಟೋನ್ (ಅಸಿಟೋನ್ ಈ ಗುಂಪಿನದೇ) ಮಾಡಿ ಹೊರಬಿಡುತ್ತದೆ, ಉಳಿದದ್ದನ್ನು ತನ್ನಲ್ಲೇ ತುಂಬಿಕೊಳ್ಳುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಯಕೃತ್ತಿಗೆ ಕೊಬ್ಬನ್ನು ಮರಳಿ ಸಾಗಿಸುವ ಸಾಮರ್ಥ್ಯ ಮೊದಲೇ ಕಡಿಮೆ. ಮಲಗಿದ ಕರಡಿಗೆ ಬೇಡಿಕೆಯೇ ಅಲ್ಪವಾದ್ದರಿಂದ ಕೊಬ್ಬು ಹನಿಹನಿಯಾಗಿ ಬರುತ್ತದೆ, ಬಂದಷ್ಟೂ ಉರಿಯುತ್ತದೆ. ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ತಾಯಿಕರಡಿ. ಅದು ಗುಹೆಯಲ್ಲೇ ಮರಿ ಹಾಕಿ, ಏನೂ ತಿನ್ನದೆ ಹಾಲೂಡಿಸುತ್ತದೆ; ಆ ಹಾಲಿನಲ್ಲಿ ಕೊಬ್ಬು ಶೇಕಡಾ 20ರ ಆಸುಪಾಸು, ಸಕ್ಕರೆ ತೀರಾ ಕಡಿಮೆ. ತನ್ನ ಬಳಿ ಇಲ್ಲದ ಗ್ಲೂಕೋಸನ್ನು ಅದು ಹಾಲಿಗೆ ಸುರಿಯುವುದೇ ಇಲ್ಲ. ದಿನಕ್ಕೆ ಒಂದೆರಡು ಲೀಟರ್ ಕೊಡುವ ನಮ್ಮ ಮಲೆನಾಡು ಗಿಡ್ಡದಲ್ಲಿ ಕೀಟೋಸಿಸ್ ಅಪರೂಪವಾಗಿರುವುದಕ್ಕೂ ಬೇಡಿಕೆ ಕಡಿಮೆಯಿರುವುದೇ ಕಾರಣ.

ರೋಗ ಬಂದಾಗ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ (ಗ್ಲೂಕೋಸೇ), ಬಾಯಿಗೆ ಯಕೃತ್ತಿನಲ್ಲಿ ಗ್ಲೂಕೋಸ್ ಆಗುವ ಪ್ರೊಪಿಲೀನ್ ಗ್ಲೈಕಾಲ್ ಕೊಡುತ್ತೇವೆ, ಬಹುತೇಕ ಹಸುಗಳು ಚೇತರಿಸಿಕೊಳ್ಳುತ್ತವೆ. ಆದರೆ ತಡೆಯುವ ಕೆಲಸ ಹಾಲು ಬತ್ತಿಸುವುದಕ್ಕೆ ಮೊದಲೇ ಆಗಬೇಕು. ಪಕ್ಕೆಯ ಮೇಲೆ ಕೈಯಾಡಿಸಿದಾಗ ಎಲುಬುಗಳು ಒತ್ತಿದರೂ ಸಿಗದಷ್ಟು ಮೈ ತುಂಬಿದ ಹಸುವಿಗೆ ಹಿಂಡಿಯನ್ನು ಕರಾವಿನ ಕೊನೆಯ ತಿಂಗಳುಗಳಲ್ಲಿಯೇ ತಗ್ಗಿಸಬೇಕು. ಬತ್ತಿಸಿದ ಮೇಲೆ ಮೇವು ಕಡಿದು ಇಳಿಸಲು ಹೊರಟರೆ ಅದೇ ಕೊಬ್ಬು ಕರು ಹಾಕುವ ಮುಂಚೆಯೇ ಕರಗಿ ಯಕೃತ್ತಿಗೆ ಸೇರುತ್ತದೆ.